ಲೆಕ್ಕ ತಪ್ಪಿದ ಡಿಸ್ಕು: ರಿಪೇರಿಗೆ ಮೊದಲು ನಕಲು

ಹೋಟೆಲಿನ ಗಲ್ಲಾದಲ್ಲಿಯೂ ಆಫೀಸಿನ ಮೇಜಿನ ಮೇಲೂ ಇಂದು ಲೆಕ್ಕದ ಪುಸ್ತಕದ ಸ್ಥಾನಕ್ಕೆ ಕಂಪ್ಯೂಟರು ಬಂದಿರುವುದು ವಾಚಕರಿಗೆ ತಿಳಿದುದೇ. ಅವುಗಳಲ್ಲಿ ಕೆಲವು ಯುನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯಿಂದ ನಡೆಯುತ್ತವೆ. ಕೆಲಸದ ನಡುವೆ ವಿದ್ಯುತ್ತು ಹೋಗಿ, ಮತ್ತೆ ಯಂತ್ರವನ್ನು ಚಾಲೂ ಮಾಡಿದಾಗ, ‘ಎಫ್‌ಎಸ್‌ಸಿಕೆಯನ್ನು ಕೈಯಾರೆ ನಡೆಸಿರಿ’ ಎಂಬರ್ಥದ ಇಂಗ್ಲಿಷ್ ಸೂಚನೆಯೊಡನೆ ಅದು ನಿಂತುಬಿಡುವುದುಂಟು. ಆಗ ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಡಿಸ್ಕಿನಲ್ಲಿ ಕಡತಗಳಲ್ಲದೆ ಅವುಗಳ ಖತಾವಣಿಯೂ ಇರುತ್ತದೆ. ಯಾವ ಕಡತವು ಯಾವ ಯಾವ ತುಂಡುಗಳಲ್ಲಿದೆ, ಅದಕ್ಕೆ ಎಷ್ಟು ಹೆಸರುಗಳಿವೆ, ಯಾವ ತುಂಡು ಖಾಲಿಯಿದೆ ಎಂಬ ದಾಖಲೆಗಳು ಪರಸ್ಪರ ತಾಳೆಯಾಗಬೇಕು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ, ಕಿರ್ದಿಯಲ್ಲಿ ಬರೆದುದನ್ನು ಖತಾವಣಿಗೆ ಎತ್ತದೆ ಬಿಟ್ಟಂತಾಗುವುದು. ಈ ತಾಳೆಯನ್ನು ನೋಡುವ ಲೆಕ್ಕಪರಿಶೋಧಕನೇ ಎಫ್‌ಎಸ್‌ಸಿಕೆ. 1970ರ ದಶಕದಲ್ಲಿ ಟೆಡ್ ಕೊವಾಲ್‌ಸ್ಕಿ ಎಂಬವರು ಇದನ್ನು ರಚಿಸಿದರು. ಲಿನಕ್ಸಿನ ಈಎಕ್ಸ್‌ಟಿ-4 ಪದ್ಧತಿಯಲ್ಲಿ ಇದು 5 ಸುತ್ತುಗಳಲ್ಲಿ ತನಿಖೆ ನಡೆಸುತ್ತದೆ.

ಮೊದಲನೆಯ ನಿಯಮವೆಂದರೆ, ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಇದರಿಂದ ರಿಪೇರಿ ಮಾಡಿಸಕೂಡದು. ಗುಮಾಸ್ತನು ಬರೆಯುತ್ತಿರುವ ಪುಟವನ್ನೇ ಪರಿಶೋಧಕನೂ ತಿದ್ದಹೊರಟರೆ ಲೆಕ್ಕವು ಇನ್ನಷ್ಟು ಕೆಡುವುದು. ಮೂಲ ಡಿಸ್ಕೇ ಕೆಟ್ಟಿದ್ದರೆ ಬೇರೆ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ತನಿಖೆ ನಡೆಸಬೇಕು.

ಎರಡನೆಯದಾಗಿ, ‘ಐ-ಓ ಎರರ್’ ಎಂಬ ಸೂಚನೆ ಪದೇ ಪದೇ ಕಂಡರೆ ದೋಷವು ಲೆಕ್ಕದ್ದಲ್ಲ. ಡಿಸ್ಕಿನದೋ ಅದರ ತಂತಿಯದೋ ಇರಬೇಕು. ಅಂಥಲ್ಲಿ ತಿದ್ದುಪಡಿಗೆ ಕೈಹಾಕದೆ, ಮೊದಲು ಇಡೀ ಡಿಸ್ಕನ್ನು ಮತ್ತೊಂದಕ್ಕೆ ನಕಲು ಮಾಡಿಕೊಳ್ಳಬೇಕು.

ಮೂರನೆಯದಾಗಿ, ‘ಎನ್’ ಎಂಬ ಆಯ್ಕೆಯನ್ನು ಕೊಟ್ಟರೆ ಅದು ಏನನ್ನೂ ತಿದ್ದದೆ ದೋಷಗಳನ್ನು ಮಾತ್ರ ವರದಿ ಮಾಡುತ್ತದೆ. ‘ವೈ’ ಎಂದರೆ ಎಲ್ಲ ಪ್ರಶ್ನೆಗಳಿಗೂ ಒಪ್ಪಿಗೆ ಕೊಟ್ಟಂತೆ. ವರದಿಯನ್ನು ನೋಡದೆ, ನಕಲನ್ನು ಇಡದೆ ‘ವೈ’ ಎನ್ನುವುದು ಖಾಲಿ ಚೆಕ್ಕಿಗೆ ಸಹಿ ಮಾಡಿದ ಹಾಗೆಯೇ ಸರಿ.

ಹೆಸರು ಕಳೆದುಕೊಂಡ ಕಡತಗಳು ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಕೋಶದಲ್ಲಿ ಬರಿಯ ಸಂಖ್ಯೆಗಳನ್ನು ಹೊತ್ತು ಕುಳಿತಿರುತ್ತವೆ. ಒಂದೊಂದನ್ನೂ ತೆರೆದು ಗುರುತಿಸಬೇಕು. ಕೊನೆಗೆ ದೊರೆಯುವ ಅಂಕಿಯನ್ನೂ ಗಮನಿಸಬೇಕು: 0 ಎಂದರೆ ದೋಷವಿಲ್ಲ, 1 ಎಂದರೆ ದೋಷ ತಿದ್ದಲಾಯಿತು, 4 ಎಂದರೆ ತಿದ್ದದ ದೋಷ ಉಳಿದಿದೆ.

ಪರಿಶೋಧಕನು ಖತಾವಣಿಯನ್ನು ತಾಳೆ ಮಾಡಬಲ್ಲನೇ ಹೊರತು, ಬರೆಯದೆ ಹೋದ ಬಿಲ್ಲನ್ನು ಸೃಷ್ಟಿಸಲಾರನು. ತಿಂಗಳ ಪಗಾರದ ಪಟ್ಟಿಯಾಗಲಿ ಊರಿಗೆ ಕಳುಹಿಸಿದ ಹಣದ ಲೆಕ್ಕವಾಗಲಿ ಉಳಿಯಬೇಕಿದ್ದರೆ, ದಿನದಿನವೂ ಬೇರೆಡೆ ಒಂದು ನಕಲನ್ನು ತೆಗೆದಿರಿಸುವುದು ಅವಶ್ಯವೆಂದು ನಾವು ಸೂಚಿಸುತ್ತೇವೆ.