ಹಳೆಯ ಜೀಪು, ಹೊಸ ಎಂಜಿನು

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯನ್ನೂ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟವನ್ನೇರುವ ದಾರಿಯನ್ನೂ ಬಲ್ಲವರಿಗೆ ಜೀಪಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಡಿದಾದ ಏರು, ತಿರುವಿನ ಮೇಲೆ ತಿರುವು, ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು. ಇಂಥ ನೆಲದಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವನ್ನು ಹಂಚಬಲ್ಲ ಗಾಡಿಯೊಂದು ಎಷ್ಟು ಉಪಯುಕ್ತವೆಂಬುದನ್ನು ವಿವರಿಸುವ ಅಗತ್ಯವಿಲ್ಲ.

ಆದರೆ ಗಾಡಿಯ ಚೌಕಟ್ಟು ಬಾಳುವಷ್ಟು ಕಾಲ ಅದರ ಎಂಜಿನು ಬಾಳದು. ಅರವತ್ತು ವರ್ಷ ಹಳೆಯದಾದ ಜೀಪಿಗೆ ಬಿಡಿಭಾಗಗಳು ಸಿಕ್ಕದಿರುವಾಗ, ಗಣಕದ ಅಂಕೆಯಲ್ಲಿ ನಡೆಯುವ ಈಚಿನ ಎಂಜಿನೊಂದನ್ನು ಅದರಲ್ಲಿ ಕೂರಿಸಿದರೆ ಹೇಗೆ? ಈ ಪ್ರಶ್ನೆ ಹಳೆಯ ವಾಹನಗಳನ್ನು ಪ್ರೀತಿಸುವವರ ಮನಸ್ಸಿನಲ್ಲಿ ಏಳುವುದು ಸಹಜ. ಎಂಜಿನನ್ನು ಕೂರಿಸುವುದು ಕಮ್ಮಾರಿಕೆಯ ಕೆಲಸ. ಅದು ಕಷ್ಟವಾದರೂ ಕಣ್ಣಿಗೆ ಕಾಣುವಂಥದು. ನಿಜವಾದ ತೊಡಕಿರುವುದು ತಂತಿಗಳಲ್ಲಿ. ಆ ತೊಡಕು ಯಾವುದು, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಜೀಪಿನ ಪೂರ್ವಕಥೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದುವು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯ ವರ್ಷಗಳಲ್ಲಿಯೇ, ಮುಂಬಯಿಯ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಯುದ್ಧಕಾಲದ ಜೀಪಿನ ಎಂಜಿನಿಗೆ 2.2 ಲೀಟರಿನ ನಾಲ್ಕು ಸಿಲಿಂಡರುಗಳು, 60 ಅಶ್ವಶಕ್ತಿ. ಅನಂತರ ಬಂದ ಸಿಜೆ-3ಬಿ ಮಾದರಿಯಲ್ಲಿ ಅದೇ ಗಾತ್ರದ ಎಂಜಿನು 72 ಅಶ್ವಶಕ್ತಿಯನ್ನು ಕೊಡುವಂತಾಯಿತು.

ಈ ಜೀಪುಗಳ ವಿದ್ಯುತ್ ವ್ಯವಸ್ಥೆ ಅತ್ಯಂತ ಸರಳವಾದುದು. ಒಂದು ಬ್ಯಾಟರಿ, ಒಂದು ಡೈನಮೊ, ಕಿಡಿ ಹಾರಿಸುವ ಒಂದು ಸುರುಳಿ, ದೀಪಗಳು, ಹಾರನ್ನು. ತಂತಿಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು. ಎಂಜಿನಿಗೆ ಎಷ್ಟು ಪೆಟ್ರೋಲು ಬೇಕೆಂಬುದನ್ನು ತೀರ್ಮಾನಿಸುವ ಕೆಲಸಕ್ಕೆ ವಿದ್ಯುತ್ತಿನ ಸಂಬಂಧವೇ ಇರಲಿಲ್ಲ. ಅದು ಕಾರ್ಬುರೇಟರಿನ ಕೆಲಸ.

ಬೆಟ್ಟವೇರಿದಾಗ ಕಾರ್ಬುರೇಟರು

ಕಾರ್ಬುರೇಟರು ಒಂದು ಕಿರಿದಾದ ಕೊಳವೆ. ಎಂಜಿನು ಗಾಳಿಯನ್ನು ಹೀರಿದಾಗ ಆ ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಆ ಒತ್ತಡದ ವ್ಯತ್ಯಾಸದಿಂದ ಪೆಟ್ರೋಲು ಸಣ್ಣ ರಂಧ್ರದ ಮೂಲಕ ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ಉಪಾಯ ಚೆಲುವಾದುದೇ. ಆದರೆ ಅದಕ್ಕೊಂದು ಕೊರತೆಯುಂಟು. ಅದು ಗಾಳಿಯ ತೂಕವನ್ನು ತಿಳಿಯಲಾರದು.

ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಒಂದು ಗ್ರಾಮು ಪೆಟ್ರೋಲಿಗೆ ಸುಮಾರು 14.7 ಗ್ರಾಮು ಗಾಳಿ ಬೇಕು. ಕೊಳ್ಳೇಗಾಲ, ಯಳಂದೂರುಗಳ ಬಯಲು ಸಮುದ್ರಮಟ್ಟದಿಂದ ಸುಮಾರು 600ರಿಂದ 700 ಮೀಟರು ಎತ್ತರದಲ್ಲಿದೆ. ಬಿಳಿಗಿರಿರಂಗನ ದೇವಾಲಯವಿರುವ ನೆಲೆ ಸುಮಾರು 1,500 ಮೀಟರು ಎತ್ತರದಲ್ಲಿದೆ. ಇಷ್ಟು ಮೇಲೇರುವಷ್ಟರಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಎಂಟರಷ್ಟು ಕಡಮೆಯಾಗುತ್ತದೆ. ಕಾರ್ಬುರೇಟರಿನಲ್ಲಿ ಗಾಳಿಗೂ ಪೆಟ್ರೋಲಿಗೂ ಇರುವ ಪ್ರಮಾಣವು ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುವುದರಿಂದ, ಬಯಲಿನಲ್ಲಿ ಸರಿಯಾಗಿದ್ದ ಮಿಶ್ರಣದಲ್ಲಿ ಬೆಟ್ಟದ ಮೇಲೆ ಪೆಟ್ರೋಲಿನ ಅಂಶ ನೂರಕ್ಕೆ ನಾಲ್ಕರಷ್ಟು ಹೆಚ್ಚಾಗುತ್ತದೆ. ಪೆಟ್ರೋಲು ವ್ಯರ್ಥವಾಗುತ್ತದೆ, ಹೊಗೆಯಲ್ಲಿ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡು ಹೆಚ್ಚುತ್ತದೆ.

ಈಚೆಗೆ ಇನ್ನೊಂದು ತೊಡಕೂ ಸೇರಿಕೊಂಡಿದೆ. ನಮ್ಮ ದೇಶದಲ್ಲಿ 2023ರಿಂದ ಮಾರಾಟಕ್ಕೆ ಬಂದ, ನೂರಕ್ಕೆ ಇಪ್ಪತ್ತರಷ್ಟು ಎಥನಾಲು ಬೆರೆತ ಪೆಟ್ರೋಲು ಈಗ ಎಲ್ಲೆಡೆಯೂ ಬಳಕೆಯಲ್ಲಿದೆ. ಒಂದು ಗ್ರಾಮು ಎಥನಾಲು ಉರಿಯಲು 9 ಗ್ರಾಮು ಗಾಳಿಯೇ ಸಾಕು. ಹಳೆಯ ಕಾರ್ಬುರೇಟರಿನ ರಂಧ್ರಕ್ಕೆ ಈ ಬದಲಾವಣೆ ಹೇಗೆ ತಿಳಿಯಬೇಕು? ಅಲ್ಲದೆ ಎಥನಾಲು ಹಳೆಯ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸಿ ಕೆಡಿಸುತ್ತದೆ.

ಗಣಕದ ಲೆಕ್ಕಾಚಾರ

ವಿದ್ಯುತ್ತಿನಿಂದ ತೆರೆಯುವ ಕವಾಟದ ಮೂಲಕ ಪೆಟ್ರೋಲನ್ನು ಅಳೆದು ಸಿಂಪಡಿಸುವ ವಿಧಾನವನ್ನು ಅಮೆರಿಕದ ಬೆಂಡಿಕ್ಸ್ ಸಂಸ್ಥೆಯು 1957ರಲ್ಲಿ ಪ್ರಕಟಪಡಿಸಿತು. ಅದು ಆಗ ನೆಲೆಯೂರಲಿಲ್ಲ. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಟ್ರಾನ್ಸಿಸ್ಟರುಗಳನ್ನು ಬಳಸಿ ಇಂಥ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಅಳವಡಿಸಿ ದಾರಿ ತೋರಿಸಿತು. ನಮ್ಮಲ್ಲಿ ಹೊಗೆಯ ಮೇಲಿನ ಕಟ್ಟುಪಾಡುಗಳು ಬಿಗಿಯಾದಂತೆ, 2000ದ ಸುಮಾರಿನಿಂದ ಕಾರುಗಳಲ್ಲಿ ಕಾರ್ಬುರೇಟರು ಮರೆಯಾಗತೊಡಗಿತು. ಕಾಡುದಾರಿಗಳಲ್ಲಿ ಚಿರಪರಿಚಿತವಾದ ಮಾರುತಿ ಜಿಪ್ಸಿಗೂ ಆ ಕಾಲದಲ್ಲಿಯೇ 1.3 ಲೀಟರಿನ, 80 ಅಶ್ವಶಕ್ತಿಯ ಇಂಜೆಕ್ಷನ್ ಎಂಜಿನು ಬಂದಿತು. ನಮ್ಮ ಉದಾಹರಣೆಗೆ ಆ ಎಂಜಿನನ್ನೇ ತೆಗೆದುಕೊಳ್ಳೋಣ.

ಇದರ ಒಂದೊಂದು ಸಿಲಿಂಡರು ಸುಮಾರು 325 ಘನ ಸೆಂಟಿಮೀಟರಿನದು. ಒಳಬರುವ ಗಾಳಿಯ ಒತ್ತಡ ವಾಯುಮಂಡಲದ ಅರ್ಧದಷ್ಟು, ಎಂದರೆ 50 ಕಿಲೊಪಾಸ್ಕಲ್. ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಎಂದು ಭಾವಿಸೋಣ. ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತ ಅನಿಲ ನಿಯಮವನ್ನು ಇಲ್ಲಿ ಪ್ರಯೋಗಿಸಿದರೆ, ಸಿಲಿಂಡರು ಪೂರ್ತಿ ತುಂಬಿದಾಗ ಅದರೊಳಗಿನ ಗಾಳಿಯ ತೂಕ 0.19 ಗ್ರಾಮು ಎಂದು ತಿಳಿದುಬರುತ್ತದೆ. ಅದನ್ನು 14.7ರಿಂದ ಭಾಗಿಸಿದರೆ ಬೇಕಾದ ಪೆಟ್ರೋಲು ಸುಮಾರು 13 ಮಿಲಿಗ್ರಾಮು. ನಾಲ್ಕೈದು ರಾಗಿ ಕಾಳಿನ ತೂಕ! ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿಗೂ ಸೆಕೆಂಡಿಗೆ 25 ಸಲ ಇಷ್ಟನ್ನು ಅಳೆದು ಕೊಡಬೇಕು. ಈ ಅಳತೆಗಾರನೇ ಎಂಜಿನಿನ ನಿಯಂತ್ರಕ, ಎಂದರೆ ಇಸಿಯು ಎಂಬ ಪುಟ್ಟ ಗಣಕ. ಕವಾಟವನ್ನು ಎಷ್ಟು ಸಾವಿರಾಂಶ ಸೆಕೆಂಡುಗಳ ಕಾಲ ತೆರೆದಿಡಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ.

ಹೀಗೆ ತೀರ್ಮಾನಿಸಲು ಅದಕ್ಕೆ ಸುದ್ದಿ ಬೇಕು. ಸುದ್ದಿಯನ್ನು ತರುವವು ಸೆನ್ಸರುಗಳು. ಒಂದು ಗಾಳಿಯ ಒತ್ತಡವನ್ನೂ, ಮತ್ತೊಂದು ಗಾಳಿಯ ಉಷ್ಣತೆಯನ್ನೂ, ಇನ್ನೊಂದು ತಂಪುನೀರಿನ ಉಷ್ಣತೆಯನ್ನೂ ಹೇಳುತ್ತದೆ. ಚಾಲಕನ ಪಾದ ಆಕ್ಸಿಲರೇಟರನ್ನು ಎಷ್ಟು ಒತ್ತಿದೆಯೆಂದು ಒಂದು ತಿಳಿಸುತ್ತದೆ. ಹೊಗೆಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಒಂದು ಗುರುತಿಸುತ್ತದೆ. ಮಿಶ್ರಣ ತಪ್ಪಿದ್ದರೆ ನಿಯಂತ್ರಕವು ಈ ಸಾಕ್ಷಿಯಿಂದ ತಿದ್ದಿಕೊಳ್ಳುತ್ತದೆ. ಬೆಟ್ಟವೇರಿದರೂ ಪೆಟ್ರೋಲಿನಲ್ಲಿ ಎಥನಾಲು ಬೆರೆತರೂ ಎಂಜಿನು ತಾನೇ ಹೊಂದಿಕೊಳ್ಳುವ ರಹಸ್ಯ ಇದೇ. ಎಲ್ಲಕ್ಕಿಂತ ಮುಖ್ಯವಾದುದು ಕ್ರ್ಯಾಂಕ್ ದಂಡದ ಸ್ಥಾನವನ್ನು ತಿಳಿಸುವ ಸೆನ್ಸರು. ಹಲ್ಲಿನ ಚಕ್ರವೊಂದು ಅದರ ಮುಂದೆ ತಿರುಗುತ್ತದೆ. ಒಂದು ಕಡೆ ಬೇಕೆಂದೇ ಹಲ್ಲು ಬಿಟ್ಟಿರುತ್ತಾರೆ. ಆ ತೆರಪನ್ನು ಗುರುತಾಗಿ ಇಟ್ಟುಕೊಂಡು ನಿಯಂತ್ರಕವು ಕಾಲವನ್ನು ಎಣಿಸುತ್ತದೆ.

ಆರು ವೋಲ್ಟಿನಿಂದ ಹನ್ನೆರಡಕ್ಕೆ

ಯುದ್ಧಕಾಲದ ಜೀಪುಗಳಲ್ಲಿ 6 ವೋಲ್ಟಿನ ಬ್ಯಾಟರಿಯಿತ್ತು. ಇಂದಿನ ಎಂಜಿನಿಗೆ 12 ವೋಲ್ಟು ಬೇಕು. ಈ ಬದಲಾವಣೆಯಲ್ಲಿ ಲಾಭವಿದೆ. 60 ವ್ಯಾಟಿನ ದೀಪವೊಂದು 6 ವೋಲ್ಟಿನಲ್ಲಿ 10 ಆಂಪಿಯರು ಪ್ರವಾಹವನ್ನು ಎಳೆದರೆ, 12 ವೋಲ್ಟಿನಲ್ಲಿ 5 ಆಂಪಿಯರು ಮಾತ್ರ ಎಳೆಯುತ್ತದೆ. ತಂತಿಯಲ್ಲಿ ಆಗುವ ನಷ್ಟ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಕೊಳ್ಳೇಗಾಲಕ್ಕೆ ಸಮೀಪದ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೊಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳುಹಿಸಿದುದು ಇದೇ ತತ್ತ್ವದಿಂದ. ನಿಯಮ ಒಂದೇ; ಪ್ರಮಾಣ ಮಾತ್ರ ಬೇರೆ.

ಹಳೆಯ ಡೈನಮೊ ಎಂಜಿನು ನಿಧಾನವಾಗಿ ತಿರುಗುವಾಗ ಬಹಳ ಕಡಮೆ ವಿದ್ಯುತ್ತನ್ನು ಕೊಡುತ್ತದೆ. ಪಂಪು, ಕಿಡಿಸುರುಳಿ, ಕವಾಟ, ನಿಯಂತ್ರಕ ಇವೆಲ್ಲಕ್ಕೂ ಎಡೆಬಿಡದೆ ವಿದ್ಯುತ್ತು ಬೇಕಾದುದರಿಂದ ಡೈನಮೊವಿನ ಜಾಗದಲ್ಲಿ ಆಲ್ಟರ್ನೇಟರನ್ನು ಇಡಲೇಬೇಕು.

ಸುಳ್ಳು ಹೇಳುವ ತಂತಿ

ಈಗ ಅತ್ಯಂತ ಸೂಕ್ಷ್ಮವಾದ ವಿಷಯಕ್ಕೆ ಬರೋಣ. ಹಳೆಯ ಜೀಪಿನಲ್ಲಿ ಪ್ರವಾಹವು ಬ್ಯಾಟರಿಗೆ ಹಿಂದಿರುಗುವ ದಾರಿ ಗಾಡಿಯ ಕಬ್ಬಿಣದ ಚೌಕಟ್ಟೇ ಆಗಿತ್ತು. ಇದನ್ನು ಮೆಕ್ಯಾನಿಕರು ಅರ್ತ್ ಎನ್ನುತ್ತಾರೆ. ಚೌಕಟ್ಟಿಗೆ ತುಕ್ಕು ಹಿಡಿದಿದ್ದರೆ, ಬೋಲ್ಟಿನ ಕೆಳಗೆ ಬಣ್ಣದ ಪದರವಿದ್ದರೆ, ಆ ದಾರಿಯಲ್ಲಿ ಅಡ್ಡಿಯುಂಟಾಗುತ್ತದೆ. ಅಡ್ಡಿ ಒಂದು ಓಮಿನ ಹತ್ತನೆಯ ಒಂದು ಭಾಗವೇ ಆಗಿರಲಿ. 10 ಆಂಪಿಯರು ಹರಿಯುವಾಗ ಅಲ್ಲಿ 1 ವೋಲ್ಟು ನಷ್ಟವಾಗುತ್ತದೆ. ದೀಪ ತುಸು ಮಂಕಾಗುತ್ತದೆ, ಅಷ್ಟೆ. ಹಳೆಯ ಜೀಪು ಇದನ್ನು ಲೆಕ್ಕಿಸುತ್ತಿರಲಿಲ್ಲ.

ಆದರೆ ಸೆನ್ಸರಿನ ಭಾಷೆಯೇ ವೋಲ್ಟು. ಒತ್ತಡದ ಸೆನ್ಸರು 0ಯಿಂದ 5 ವೋಲ್ಟಿನೊಳಗೆ ತನ್ನ ಸುದ್ದಿಯನ್ನೆಲ್ಲ ಹೇಳಬೇಕು. ಅರ್ತಿನಲ್ಲಿ 0.1 ವೋಲ್ಟು ತಪ್ಪಿದರೆ ಸುದ್ದಿಯಲ್ಲಿ ನೂರಕ್ಕೆ ಎರಡರಷ್ಟು ತಪ್ಪು ಸೇರಿಕೊಳ್ಳುತ್ತದೆ. ಪಂಪು ಓಡಿದಾಗ ಒಂದು ಸುದ್ದಿ, ದೀಪ ಹೊತ್ತಿಸಿದಾಗ ಇನ್ನೊಂದು ಸುದ್ದಿ! ಸೆನ್ಸರು ಸರಿಯಾಗಿದೆ, ನಿಯಂತ್ರಕವೂ ಸರಿಯಾಗಿದೆ. ಸುಳ್ಳು ಹೇಳುತ್ತಿರುವುದು ತಂತಿ. ಆದಕಾರಣ ಸೆನ್ಸರುಗಳ ಅರ್ತ್ ತಂತಿಗಳನ್ನು ಚೌಕಟ್ಟಿಗೆ ಬಿಗಿಯದೆ ನೇರವಾಗಿ ನಿಯಂತ್ರಕಕ್ಕೇ ಒಯ್ಯಬೇಕು. ಎಂಜಿನಿನಿಂದ ಬ್ಯಾಟರಿಗೆ ದಪ್ಪನಾದ ಪಟ್ಟಿಯೊಂದನ್ನು ಪ್ರತ್ಯೇಕವಾಗಿ ಜೋಡಿಸಬೇಕು. ಕ್ರ್ಯಾಂಕ್ ಸೆನ್ಸರಿನ ತಂತಿಗಳನ್ನು ಒಂದಕ್ಕೊಂದು ಹೆಣೆದು, ಸ್ಪಾರ್ಕ್ ಪ್ಲಗ್ಗಿನ ತಂತಿಗಳಿಂದ ದೂರವಿಡಬೇಕು. ಇಲ್ಲವಾದರೆ ಪ್ಲಗ್ಗಿನ ಸಾವಿರಾರು ವೋಲ್ಟಿನ ಮಿಡಿತವು ಸೆನ್ಸರಿನ ತಂತಿಯಲ್ಲಿ ಹುಸಿ ಹಲ್ಲುಗಳನ್ನು ಹುಟ್ಟಿಸುತ್ತದೆ.

ಇನ್ನೊಂದು ಬಲೆ ಕೀಲಿಯಲ್ಲಿದೆ. ಹಳೆಯ ಗಾಡಿಯ ಸ್ವಿಚ್ಚಿನಲ್ಲಿ ಕೆಲವು ತಂತಿಗಳಿಗೆ ಸ್ಟಾರ್ಟರು ತಿರುಗುವ ಹೊತ್ತಿನಲ್ಲಿ ವಿದ್ಯುತ್ತು ನಿಂತುಹೋಗುತ್ತದೆ. ನಿಯಂತ್ರಕದ ತಂತಿಯನ್ನು ಅಂಥದಕ್ಕೆ ಜೋಡಿಸಿದರೆ, ಸ್ಟಾರ್ಟರು ಎಷ್ಟು ತಿರುಗಿದರೂ ಎಂಜಿನು ಏಳದು.

ಬೆಂಕಿಯ ಭಯ

ಕಾರ್ಬುರೇಟರಿಗೆ ಪೆಟ್ರೋಲನ್ನು ತಲುಪಿಸಲು 0.2ರಿಂದ 0.3 ಬಾರ್ ಒತ್ತಡ ಸಾಕು. ಇಂಜೆಕ್ಷನ್ ಎಂಜಿನಿಗೆ ಸುಮಾರು 3 ಬಾರ್ ಬೇಕು, ಎಂದರೆ ಹತ್ತರಷ್ಟು. ಹಳೆಯ ಕೊಳವೆಯೊಂದು ಸೀಳಿದರೆ ಪೆಟ್ರೋಲು ತೊಟ್ಟಿಕ್ಕುವುದಿಲ್ಲ, ಬಿಸಿಯಾದ ಹೊಗೆಕೊಳವೆಯ ಮೇಲೆ ಚಿಮ್ಮುತ್ತದೆ. ಆದ್ದರಿಂದ ಟ್ಯಾಂಕಿನಿಂದ ಎಂಜಿನಿನವರೆಗೆ ಎಲ್ಲ ಕೊಳವೆಗಳನ್ನೂ ಈ ಒತ್ತಡಕ್ಕೂ ಎಥನಾಲಿಗೂ ತಕ್ಕಂತೆ ಹೊಸದಾಗಿ ಹಾಕಬೇಕು.

ಇಲ್ಲಿ ತಂತಿಯೇ ಕಾವಲುಗಾರ. ಕೀಲಿಯನ್ನು ತಿರುಗಿಸಿದಾಗ ನಿಯಂತ್ರಕವು ಪಂಪನ್ನು ಒಂದೆರಡು ಸೆಕೆಂಡು ಓಡಿಸಿ ನಿಲ್ಲಿಸುತ್ತದೆ. ಕ್ರ್ಯಾಂಕ್ ದಂಡ ತಿರುಗುತ್ತಿದೆಯೆಂಬ ಸುದ್ದಿ ಬಂದರೆ ಮಾತ್ರ ಮತ್ತೆ ಓಡಿಸುತ್ತದೆ. ತಿರುವಿನಲ್ಲಿ ಗಾಡಿ ಮಗುಚಿ ಎಂಜಿನು ನಿಂತರೆ ಪಂಪೂ ತಾನಾಗಿ ನಿಲ್ಲುತ್ತದೆ. ಅವಸರದಲ್ಲಿ ಪಂಪಿನ ತಂತಿಯನ್ನು ನೇರವಾಗಿ ಕೀಲಿಗೆ ಜೋಡಿಸಿದವನು ಈ ರಕ್ಷಣೆಯನ್ನು ಕೈಯಾರೆ ಕಳೆದುಕೊಳ್ಳುತ್ತಾನೆ. ಎಂಜಿನು ಎಂದಿನಂತೆಯೇ ಓಡುತ್ತದೆ. ತಪ್ಪು ಬಯಲಾಗುವುದು ಅಪಘಾತದ ದಿನ.

ಶಕ್ತಿ ಬೇರೆ, ಸೆಳೆತ ಬೇರೆ

ಹೊಸ ಎಂಜಿನಿನ 80 ಅಶ್ವಶಕ್ತಿ ಹಳೆಯದರ 72ಕ್ಕಿಂತ ಹೆಚ್ಚು. ಆದ್ದರಿಂದ ಜೀಪು ಸುಲಭವಾಗಿ ಬೆಟ್ಟವೇರಬೇಕು ಎಂದು ನಾವು ಊಹಿಸಬಹುದು. ಅದು ಪೂರ್ತಿ ನಿಜವಲ್ಲ. ದಂಡವನ್ನು ತಿರುಚುವ ಬಲ, ಎಂದರೆ ಟಾರ್ಕು, ಹಳೆಯ ಎಂಜಿನಿನಲ್ಲಿ 2,000 ಸುತ್ತಿನಲ್ಲಿಯೇ ಸುಮಾರು 155 ನ್ಯೂಟನ್ ಮೀಟರು. ಹೊಸದರಲ್ಲಿ 4,500 ಸುತ್ತಿಗೆ ಏರಿದಾಗಲೂ ಸುಮಾರು 103 ಮಾತ್ರ. ಹಳೆಯದು ಎತ್ತಿನಂತೆ, ನಿಧಾನವಾಗಿ ಎಳೆಯುತ್ತದೆ. ಹೊಸದು ಕುದುರೆಯಂತೆ, ಓಡುವಾಗ ಮಾತ್ರ ತನ್ನ ಶಕ್ತಿಯನ್ನು ತೋರಿಸುತ್ತದೆ. ಕಲ್ಲುದಾರಿಯಲ್ಲಿ ಹೆಜ್ಜೆಹೆಜ್ಜೆಗೆ ಏರುವಾಗ ಬೇಕಾದುದು ಎತ್ತಿನ ಗುಣ. ಗೇರುಗಳ ಪ್ರಮಾಣವನ್ನು ಬದಲಾಯಿಸಿ ಈ ಕೊರತೆಯನ್ನು ತುಂಬಿಕೊಳ್ಳಬಹುದು. ಬದಲಾಯಿಸದೆ ಎಂಜಿನನ್ನು ಮಾತ್ರ ಕೂರಿಸಿದರೆ ನಿರಾಶೆ ನಿಶ್ಚಯ. ವೇಗ ಹೆಚ್ಚಿದ ಗಾಡಿಗೆ ಇಳಿಜಾರಿನಲ್ಲಿ ಹಳೆಯ ಬ್ರೇಕುಗಳು ಸಾಲುತ್ತವೆಯೆ ಎಂಬುದನ್ನೂ ಮೊದಲೇ ಯೋಚಿಸಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. ಎಂಜಿನನ್ನು ಬದಲಾಯಿಸಲು ನೋಂದಣಿ ಅಧಿಕಾರಿಯ ಒಪ್ಪಿಗೆ ಅಗತ್ಯ. ಆದುದರಿಂದ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮುನ್ನ ಸಾರಿಗೆ ಕಚೇರಿಗೆ ಹೋಗುವುದು ವಿವೇಕ. ಇನ್ನು 2021ರ ನಿಯಮಗಳು ಐವತ್ತು ವರ್ಷ ದಾಟಿದ ವಾಹನಗಳನ್ನು ಪುರಾತನ ವಾಹನಗಳೆಂದು ಗುರುತಿಸಿ ಪ್ರತ್ಯೇಕ ನೋಂದಣಿಗೆ ಅವಕಾಶ ಕೊಟ್ಟಿವೆ. ಆದರೆ ಮೂಲರೂಪದಲ್ಲಿ ಉಳಿದವುಗಳಿಗೆ ಮಾತ್ರ. ಎಂಜಿನು ಬದಲಾದ ಜೀಪಿಗೆ ಈ ಮರ್ಯಾದೆ ದೊರೆಯದು.

ಹಾಗಾದರೆ ಹಳೆಯ ಜೀಪಿನ ಒಡೆಯನು ಏನು ಮಾಡಬೇಕು? ಎಂಜಿನು ಇನ್ನೂ ದುರಸ್ತಿಗೆ ಬರುವಂತಿದ್ದರೆ, ಕೊಳವೆಗಳನ್ನು ಬದಲಾಯಿಸಿ, ಕಾರ್ಬುರೇಟರನ್ನು ಶುಚಿಗೊಳಿಸಿ, ಗಾಡಿಯನ್ನು ಮೂಲರೂಪದಲ್ಲಿ ಕಾಪಾಡುವುದು ಮೇಲು. ಅದು ಚರಿತ್ರೆಯ ಒಂದು ತುಣುಕು. ಎಂಜಿನು ಸಂಪೂರ್ಣ ಕೆಟ್ಟಿದ್ದು, ಅಧಿಕಾರಿಗಳ ಒಪ್ಪಿಗೆಯೂ ದೊರೆತರೆ, ಆಗ ಹೊಸ ಎಂಜಿನನ್ನು ಅದರ ಸೆನ್ಸರು, ನಿಯಂತ್ರಕ, ತಂತಿಗಳ ಕಟ್ಟು, ಎಲ್ಲವನ್ನೂ ಸೇರಿಸಿ ಒಂದೇ ಗಾಡಿಯಿಂದ ತರಬೇಕು. ತಂತಿಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ಮೀಟರಿನಿಂದ ಪರೀಕ್ಷಿಸಿ ಜೋಡಿಸಬೇಕು. ಯಂತ್ರಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ಓಮನ ನಿಯಮ, ಅನಿಲ ನಿಯಮ, ರಸಾಯನಶಾಸ್ತ್ರದ ದಹನಪಾಠ ಈ ಮೂರೂ ಒಂದೆಡೆ ಕೂಡಿ ಕೆಲಸಮಾಡುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಕ್ಕುವುದು ಅಪರೂಪ.