ಹಳೆಯ ಯಕ್ಷಗಾನ ಕಲಾವಿದರಲ್ಲಿ ಯಾರು ದೊಡ್ಡವರು? ನಮ್ಮ ನೆನಪನ್ನು ಎಷ್ಟು ನಂಬಬಹುದು?

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಆಟ ನೋಡುವವರು ನಾಲ್ಕು ಜನ ಸೇರಿದರೆ ಈ ಚರ್ಚೆ ಬಂದೇ ಬರುತ್ತದೆ. ಚಿಟ್ಟಾಣಿಯವರ ಕೀಚಕ ದೊಡ್ಡದೋ, ಕೆರೆಮನೆ ಶಂಭು ಹೆಗಡೆಯವರ ಅಭಿನಯವೋ? ಇಬ್ಬರಿಗಿಂತ ಹಿಂದಿನ ಶಿವರಾಮ ಹೆಗಡೆಯವರ ಮಾತೇನು? ಕೊನೆಗೆ ಯಾರೋ ಒಬ್ಬರು, 'ಆಗಿನವರಂಥವರು ಈಗ ಇಲ್ಲ ಬಿಡಿ' ಎಂದು ಚರ್ಚೆ ಮುಗಿಸುತ್ತಾರೆ. ಈ ತೀರ್ಪು ಎಷ್ಟು ಸರಿ?

ಹದಿಹರೆಯದಲ್ಲಿ ಕಂಡದ್ದೇ ಚಂದ

ಹಿರಿಯರನ್ನು ಕೇಳಿ ನೋಡಿದರೆ, ಸುಮಾರು ಹತ್ತರಿಂದ ಮೂವತ್ತು ವರ್ಷದೊಳಗಿನ ಅನುಭವಗಳು ಅವರ ನೆನಪಿನಲ್ಲಿ ಉಳಿದವಕ್ಕಿಂತ ಹೆಚ್ಚಾಗಿ ಇರುತ್ತವೆ. ಮನಶ್ಶಾಸ್ತ್ರಜ್ಞರು ಇದನ್ನು ಹಲವು ಅಧ್ಯಯನಗಳಲ್ಲಿ ಕಂಡಿದ್ದಾರೆ. ಮೊದಲ ಸಲ ರಾತ್ರಿಯಿಡೀ ಎಚ್ಚರವಿದ್ದು ನೋಡಿದ ವೇಷ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಹಾಗಾಗಿ ಎಪ್ಪತ್ತರ ಅಜ್ಜನೂ ನಲವತ್ತರ ಅಳಿಯನೂ ವಾದಿಸುವಾಗ, ಇಬ್ಬರೂ ಕಲಾವಿದರ ಜೊತೆಗೆ ತಮ್ಮ ತಮ್ಮ ಪ್ರಾಯವನ್ನೂ ಸಮರ್ಥಿಸಿಕೊಳ್ಳುತ್ತಿರುತ್ತಾರೆ.

ಇನ್ನೊಂದು ಸಂಗತಿ: ಹಳೆಯ ಕಾಲದಲ್ಲೂ ಸಾಧಾರಣ ವೇಷಗಳಿದ್ದವು, ಸಪ್ಪೆಯಾದ ಆಟಗಳೂ ಇದ್ದವು. ಅವೆಲ್ಲ ಮರೆತುಹೋಗಿ ಒಳ್ಳೆಯವಷ್ಟೇ ಉಳಿದಿವೆ. ಈಗಿನ ಕಾಲದ್ದಾದರೆ ಒಳ್ಳೆಯದು, ಕೆಟ್ಟದ್ದು ಎರಡೂ ಕಣ್ಣೆದುರಿಗಿವೆ. ಅಂದಿನ ಆಯ್ದ ಕೆಲವರನ್ನು ಇಂದಿನ ಎಲ್ಲರ ಜೊತೆ ತೂಗಿದರೆ ತಕ್ಕಡಿ ಹಿಂದಕ್ಕೇ ವಾಲುತ್ತದೆ.

ವಿಡಿಯೊ ನೋಡಿ ಹೇಳಬಹುದಲ್ಲ?

ಅದೂ ಪೂರ್ತಿ ನ್ಯಾಯವಲ್ಲ. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಹಳ್ಳಿಯ ಬಯಲಾಟವನ್ನು ಚಿತ್ರೀಕರಿಸುವ ಅನುಕೂಲ ಆಗೆಲ್ಲಿತ್ತು? ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ. ಇಂದು ಮೊಬೈಲಿನಲ್ಲಿ ಸಿಗುವ ಅವರ ಆಟಗಳಲ್ಲಿ ಹೆಚ್ಚಿನವು ಇಳಿವಯಸ್ಸಿನವು. ಅವನ್ನು ಇಂದಿನ ಮೂವತ್ತರ ಕಲಾವಿದನ ಕುಣಿತದ ಪಕ್ಕ ಇಡುವುದು ತಪ್ಪು.

ಪ್ರಶಸ್ತಿ ಏನು ಹೇಳುತ್ತದೆ?

ಶಿವರಾಮ ಹೆಗಡೆಯವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಚಿಟ್ಟಾಣಿಯವರು 2012ರಲ್ಲಿ ಪದ್ಮಶ್ರೀ ಪಡೆದರು. ಯಕ್ಷಗಾನಕ್ಕೆ ಸಂದ ಮೊದಲ ಪದ್ಮಶ್ರೀ ಅದು. ಪ್ರಶಸ್ತಿ ಬಂದವರು ದೊಡ್ಡವರು ನಿಜ. ಬಾರದವರು ಚಿಕ್ಕವರೆಂದು ಅದರಿಂದ ಸಾಬೀತಾಗುವುದಿಲ್ಲ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು. ಆದರೆ ವಿಶೇಷ ಸಂದರ್ಭ ಬಿಟ್ಟರೆ ಅದನ್ನು ಮರಣೋತ್ತರವಾಗಿ ಕೊಡುವುದಿಲ್ಲ. ಜೊತೆಗೆ, ಹೆಸರಾದವರಿಗೇ ಮತ್ತೆ ಹೆಸರು ಬರುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ವಿಜ್ಞಾನಿಗಳ ಉದಾಹರಣೆಯಿಂದ ವಿವರಿಸಿದ್ದರು. ಯಕ್ಷಗಾನದಲ್ಲಿ ಮುಖ್ಯ ವೇಷಧಾರಿ ಬೆಳಕಿನಲ್ಲಿರುತ್ತಾನೆ. ಅವನನ್ನು ಕುಣಿಸುವ ಭಾಗವತ, ಮದ್ದಲೆ, ಚಂಡೆಯವರು, ಸ್ತ್ರೀವೇಷದವರು, ಹಾಸ್ಯಗಾರರು ಚರ್ಚೆಗೇ ಬರುವುದು ಕಡಿಮೆ.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ಆಗಿತ್ತು. ಅಲ್ಲಿನ ಗೌರವ ಮಂದಿರಕ್ಕೆ ಮೊದಲ ಐವರು ಆಯ್ಕೆಯಾದದ್ದು 1936ರಲ್ಲಿ. ವರ್ಣಭೇದದಿಂದ ಬೇರೆ ಲೀಗುಗಳಲ್ಲೇ ಆಡಬೇಕಾದ ಕಪ್ಪು ಆಟಗಾರರ ಅಂಕಿಅಂಶಗಳು ಚದುರಿಹೋಗಿದ್ದವು. ಸಂಶೋಧಕರು ಹಳೆಯ ಪತ್ರಿಕೆಗಳಿಂದ ಅವನ್ನು ಹೆಕ್ಕಿ ಜೋಡಿಸಿದರು. 2006ರಲ್ಲಿ ಆ ಕಾಲದ 17 ಮಂದಿಗೆ ಒಟ್ಟಿಗೇ ಗೌರವ ಸಂದಿತು, ಅಷ್ಟು ಹೊತ್ತಿಗೆ ಅವರಲ್ಲಿ ಒಬ್ಬರೂ ಬದುಕಿರಲಿಲ್ಲ.

ಹಾಗಾದರೆ ಹೇಗೆ ತೂಗಬೇಕು?

ಮೂರು ಪ್ರಶ್ನೆ ಕೇಳಿಕೊಳ್ಳೋಣ. ತಮ್ಮ ಕಾಲದ ಉಳಿದವರಿಗಿಂತ ಇವರು ಎಷ್ಟು ಮುಂದಿದ್ದರು? ಇವರು ಬಂದ ಮೇಲೆ ಆ ಪಾತ್ರ ಮಾಡುವ ಕ್ರಮ ಬದಲಾಯಿತೇ? ಇವರಿಂದ ಕಲಿತವರು ಯಾರು? ಶಂಭು ಹೆಗಡೆಯವರನ್ನು ತೂಗುವಾಗ ಅವರ ವೇಷಗಳ ಜೊತೆಗೆ ಗುಣವಂತೆಯಲ್ಲಿ ಅವರು ಕಟ್ಟಿದ ತರಬೇತಿ ಕೇಂದ್ರವೂ ಲೆಕ್ಕಕ್ಕೆ ಬರುವುದು ಮೂರನೆಯ ಪ್ರಶ್ನೆಯಿಂದ.

ಇದಕ್ಕೆಲ್ಲ ದಾಖಲೆ ಬೇಕು. ಶಂಭು ಹೆಗಡೆ, ಮಹಾಬಲ ಹೆಗಡೆ ಇಬ್ಬರೂ 2009ರಲ್ಲಿ ತೀರಿಕೊಂಡರು, ಚಿಟ್ಟಾಣಿಯವರು 2017ರಲ್ಲಿ. ಅವರ ಪ್ರಾಯದ ವೇಷಗಳನ್ನು ಕಂಡವರೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ನಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈಗಲೇ ಕೇಳಿ ಬರೆದಿಡೋಣ: ಯಾವ ಊರು, ಯಾವ ವರ್ಷ, ಯಾವ ಮೇಳ, ಯಾವ ಪ್ರಸಂಗ, ಯಾರ ವೇಷ, ಭಾಗವತರು ಯಾರು, ಮದ್ದಲೆ ಯಾರದು. ಒಬ್ಬರ ನೆನಪು ತಪ್ಪಬಹುದು. ಹತ್ತು ಜನ ಬೇರೆ ಬೇರೆಯಾಗಿ ಹೇಳಿದ್ದು, ಹಳೆಯ ಕರಪತ್ರ, ಮೇಳದ ಲೆಕ್ಕದ ಪುಸ್ತಕ ಇವೆಲ್ಲ ಒಂದಕ್ಕೊಂದು ಹೊಂದಿದರೆ ನಂಬಬಹುದು.