ಲೆಕ್ಕದ ಪುಸ್ತಕದಲ್ಲಿ ಉಳಿದ ವಂಶಾವಳಿ

ರಾಯಚೂರು ನಗರದ ಕೋಟೆಯನ್ನು ಕಂಡ ಸದಸ್ಯರು ಅಲ್ಲಿನ ಗೋಡೆಯಲ್ಲಿರುವ ಸುಮಾರು 41 ಅಡಿ ಉದ್ದದ ಏಕಶಿಲೆಯನ್ನು ಮರೆತಿರಲಾರರು. 1294ರಲ್ಲಿ ಕೋಟೆ ಕಟ್ಟಿಸಿದ ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಆ ಕಲ್ಲಿನ ಶಾಸನದಲ್ಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲು ಹೂಡಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಕಟ್ಟಿಸಿದವನಿಗೆ ಹೆಸರಿದೆ, ಎಳೆದವರಿಗೆ ಬರೀ ಗೆರೆಯ ಚಿತ್ರ. ಏಳು ನೂರು ವರ್ಷಗಳ ಹಿಂದಿನ ಮಾತು ಬಿಡಿ, ನಮ್ಮ ಅಜ್ಜಂದಿರ ಕಾಲದಲ್ಲಿ ದುಡಿದವರ ಹೆಸರುಗಳಾದರೂ ಎಲ್ಲಿವೆ? ಈ ಪ್ರಶ್ನೆ ಬೆಳೆಗಾರರಾದ ನಮಗೆ ಸಂಬಂಧಪಟ್ಟದ್ದೆಂದು ತೋರಿದ್ದರಿಂದ, ಈ ಬಾರಿ ಗೊಬ್ಬರ, ಔಷಧಿಯ ವಿಷಯ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇವೆ.

ಕೊಯ್ಲಿನ ಕಾಲ ಬಂತೆಂದರೆ ಬಯಲುಸೀಮೆಯ ಜನ ಗುಳೆ ಬಂದು ನಮ್ಮ ತೋಟಗಳಲ್ಲಿ ದುಡಿಯುವುದು ಸದಸ್ಯರಿಗೆಲ್ಲ ತಿಳಿದದ್ದೇ. ನಮ್ಮ ತೋಟಕ್ಕೆ ದೇವದುರ್ಗ, ಮಾನ್ವಿ ಕಡೆಯ ಕುಟುಂಬಗಳು ಬರುತ್ತವೆ. ಒಂದು ವರ್ಷ ಚೆಕ್‌ರೋಲಿಗೆ ಹೆಸರು ಬರೆದುಕೊಳ್ಳುವಾಗ ಮಾನ್ವಿ ಕಡೆಯ ಹಿರಿಯರೊಬ್ಬರನ್ನು ತಂದೆಯ ಹೆಸರು ಕೇಳಿದೆವು. ಹೇಳಿದರು. ಮಾತಿಗೆ ಮಾತು ಬೆಳೆದು ಅಜ್ಜನವರೆಗೆ ಹೋಯಿತು. "ಮುತ್ಯಾ ಗೌಡ್ರ ಮನ್ಯಾಗ ಜೀತಕ್ಕಿದ್ದ್ರಿ. ಅವರಪ್ಪನ ಹೆಸರು ನಮಗ ಗೊತ್ತಿಲ್ರಿ. ಗೌಡ್ರ ಲೆಕ್ಕದ ಬುಕ್ಕಿನಾಗ ಇದ್ದೀತು" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಕಾಗದ ಎಲ್ಲಿದೆಯೆಂದು ಹೇಳುವವರ ಹಾಗೆ ಹೇಳಿದರು.

ಉತ್ತರ ಕರ್ನಾಟಕದಲ್ಲಿ ವಂಶದ ಲೆಕ್ಕ ಇಡುವುದಕ್ಕೆಂದೇ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು ಮನೆಯ ಮುಂದೆ ಬಂದು, ಮೂಲಪುರುಷ ಯಾರು, ಯಾವ ಊರಿನಿಂದ ಬಂದದ್ದು, ಯಾರ ಮಕ್ಕಳು ಎಲ್ಲಿ ಬೇರೆಯಾದರು ಎಂದು ಹತ್ತಾರು ತಲೆಮಾರು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಪ್ರತಿಯಾಗಿ ಕಾಳು, ಬಟ್ಟೆ ಕೊಡುವುದು ಪದ್ಧತಿ. ಆದರೆ ಕಣವೂ ಇಲ್ಲ, ಕಣಜವೂ ಇಲ್ಲ ಎಂಬ ಮನೆಯ ಮುಂದೆ ಎತ್ತು ನಿಲ್ಲಬೇಕಾದ ಕಾರಣವೇನು? ಪಹಣಿಯನ್ನು ನೋಡೋಣವೆಂದರೆ ಅದರಲ್ಲಿ ಬರುವುದು ಜಮೀನುಳ್ಳವನ ಹೆಸರು. ಹೀಗಾಗಿ ಜೀತದ ಕುಟುಂಬದ ಹೆಸರುಗಳು ಬರವಣಿಗೆಯಲ್ಲಿ ಉಳಿದಿದ್ದರೆ ಅದು ಬಹುಮಟ್ಟಿಗೆ ಒಂದೇ ಕಡೆ, ಸಾಲ ಕೊಟ್ಟವನ ಖಾತೆಯಲ್ಲಿ.

ರಾಯಚೂರು ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಸ್ಥಾನದಲ್ಲಿ ಸಾಲಕ್ಕೆ ಮೈಯನ್ನೇ ಒತ್ತೆಯಿಡುವ ಪದ್ಧತಿಗೆ 'ಭಾಗೇಲಾ' ಎನ್ನುತ್ತಿದ್ದರು. ಕನ್ನಡದಲ್ಲಿ ಅದೇ ಜೀತ. ಮದುವೆಗೋ, ಬರಗಾಲದ ಕಾಳಿಗೋ ಪಡೆದ ಸಣ್ಣ ಮೊತ್ತಕ್ಕೆ ಒಬ್ಬ ಜೀತಕ್ಕೆ ನಿಂತರೆ, ತೀರುವ ಮೊದಲೇ ಇನ್ನೊಂದು ಸಾಲ ಬೀಳುತ್ತಿತ್ತು. ಅವನ ತರುವಾಯ ಮಗ ನಿಲ್ಲುತ್ತಿದ್ದ. ಹೊಲ ಉಳ್ಳವನ ಮಗನಿಗೆ ಹೊಲ ಬಂದ ಹಾಗೆ, ಜೀತದವನ ಮಗನಿಗೆ ಸಾಲ ಬರುತ್ತಿತ್ತು.

ಇದು ಆ ಸೀಮೆಯ ದೋಷ, ನಮ್ಮದಲ್ಲ ಎನ್ನುವ ಹಾಗಿಲ್ಲ. ಕೊಡಗಿನಲ್ಲಿ ಭೂಮಿಯೊಡನೆ ವಂಶಪಾರಂಪರ್ಯವಾಗಿ ಬರುತ್ತಿದ್ದ 'ಜಮ್ಮದ ಆಳು'ಗಳಿದ್ದರು. ಕರಾವಳಿಯಲ್ಲಿ 'ಮೂಲದ ಆಳು' ಎಂಬ ಮಾತಿತ್ತು. 'ಹುಟ್ಟಾಳು' ಎಂಬ ಪದವನ್ನಂತೂ ಬಿಡಿಸಿ ಹೇಳಬೇಕಿಲ್ಲ. ಕೆಲಸಕ್ಕೆ ಸೇರಿ ಆಳಾದವನಲ್ಲ, ಆಳಾಗಿಯೇ ಹುಟ್ಟಿದವನು. 1843ರ 5ನೇ ಕಾಯಿದೆ ಗುಲಾಮರ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಕೂಡದೆಂದಿತು. ಆದರೆ ಅವರಿಗೆ ಭೂಮಿ ಕೊಡಲಿಲ್ಲ, ಬಂಡವಾಳ ಕೊಡಲಿಲ್ಲ. 1854ರಲ್ಲಿ ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಬಂತು. ಅದರ ಹಿಂದೆಯೇ 1859ರ 13ನೇ ಕಾಯಿದೆ ಬಂದು, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಲು ದಾರಿ ಮಾಡಿತು. ಅದನ್ನು ರದ್ದು ಮಾಡುವ ಕಾಯಿದೆ ಬಂದದ್ದು 1925ರಲ್ಲಿ. ಮೇಸ್ತ್ರಿ, ಮುಂಗಡ ಎಂದು ನಾವು ಈಗಲೂ ಆಡುವ ಮಾತುಗಳ ಹಿಂದೆ ಈ ಚರಿತ್ರೆ ಇದೆ.

ಕೊನೆಗೆ 1975ರ ಅಕ್ಟೋಬರ್ 25ರಿಂದ ಜೀತ ಪದ್ಧತಿ ದೇಶದಲ್ಲೆಲ್ಲ ರದ್ದಾಯಿತು. ಮೊದಲು ಸುಗ್ರೀವಾಜ್ಞೆ, ಆಮೇಲೆ 1976ರ ಕಾಯಿದೆ. ಸದಸ್ಯರು ಆ ಕಾಯಿದೆಯ 2ನೇ ಕಲಮನ್ನು ಒಮ್ಮೆ ಓದಬೇಕು. ಅದರ ಪ್ರಕಾರ ಪಡೆದ ಮುಂಗಡಕ್ಕಾಗಿ ದುಡಿಯುವುದಷ್ಟೇ ಜೀತವಲ್ಲ. ಹಿರಿಯರಿಂದ ವಾರಸಾಗಿ ಬಂದ ಹೊಣೆಗಾಗಿ ದುಡಿಯುವುದೂ, ಇಂಥ ಜಾತಿಯಲ್ಲಿ ಹುಟ್ಟಿದ ಕಾರಣಕ್ಕಾಗಿ ದುಡಿಯುವುದೂ ಜೀತವೇ. ದೇಶದ ನಾನಾ ಭಾಗಗಳ ಜೀತದ ಪದ್ಧತಿಗಳ ಹೆಸರುಗಳನ್ನು ಅಲ್ಲಿ ಪಟ್ಟಿ ಮಾಡಿದೆ. ಜೀತವೂ ಇದೆ, ಭಾಗೇಲಾವೂ ಇದೆ. ನಮ್ಮ ನಾಡಿನ ಒಂದು ಜಾತಿಯ ಹೆಸರೇ ಒಂದು ಪದ್ಧತಿಯ ಹೆಸರಾಗಿ ಆ ಪಟ್ಟಿಯಲ್ಲಿ ಕುಳಿತಿದೆ. ಇದಕ್ಕಿಂತ ಕಹಿಯಾದ ವಂಶಾವಳಿ ಮತ್ತೊಂದು ಬೇಕೆ?

ಹೊರದೇಶದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದಲ್ಲಿ 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರನ್ನು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟನ್ನೇ ಬರೆದು ಎಣಿಸಿದರು. ಹೆಸರು ಬರೆದದ್ದು ತೀರ ಅಪರೂಪ. ಬಿಡುಗಡೆಯಾದ ಜನರೆಲ್ಲರ ಹೆಸರು ಮೊದಲು ಬಂದದ್ದು 1870ರ ಗಣತಿಯಲ್ಲಿ. ಅದರ ಹಿಂದಿನ ಪೂರ್ವಿಕರನ್ನು ಹುಡುಕುವ ಕಪ್ಪು ಜನರು ಇಂದಿಗೂ ಹಳೆಯ ತೋಟದ ಒಡೆಯರ ಉಯಿಲು, ಲೆಕ್ಕದ ಪುಸ್ತಕ, ಮಾರಾಟದ ಪತ್ರಗಳನ್ನೇ ಹುಡುಕಬೇಕಾಗಿದೆ. ಒಡೆಯರ ಮನೆತನದವರು ಪೆಟ್ಟಿಗೆ ತೆರೆದ ಕಡೆ ಹೆಸರುಗಳು ಸಿಕ್ಕಿವೆ. ಮಾನ್ವಿಯ ಆ ಹಿರಿಯರು ಯಾವ ಪುಸ್ತಕವನ್ನೂ ಓದದೆ ಹೇಳಿದ ಮಾತೂ ಇದೇ ಅಲ್ಲವೇ?

ನಮ್ಮ ಮನೆಯ ಪೆಟ್ಟಿಗೆಯಲ್ಲೂ ಅಜ್ಜನ ಕಾಲದ ಒಂದು ಮುಂಗಡದ ಪುಸ್ತಕವಿದೆ. ಒಂದು ಪುಟದಲ್ಲಿ ಒಬ್ಬನ ಹೆಸರು, ಕೊಟ್ಟ ರೂಪಾಯಿ, ಒಂದು ಕಂಬಳಿ, ಇಷ್ಟು ಅಕ್ಕಿ. ಕೆಲವು ಪುಟಗಳ ಆಚೆ "ಸದರಿಯವನ ಮಗ" ಎಂದು ಬರೆದು ಅದೇ ಬಾಕಿಯನ್ನು ಮುಂದಕ್ಕೆ ತಂದಿದೆ. ಅಕ್ಷರ ದುಂಡಗಿದೆ, ಕೂಡಿಕೆ ಎಲ್ಲಿಯೂ ತಪ್ಪಿಲ್ಲ. ನಮ್ಮ ವಂಶವೃಕ್ಷವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದ್ದೇವೆ. ಆ ತಂದೆ ಮಗನ ವಂಶವೃಕ್ಷವೂ ನಮ್ಮ ಮನೆಯಲ್ಲೇ ಇದೆ, ಪೆಟ್ಟಿಗೆಯ ತಳದಲ್ಲಿ. ಎರಡನ್ನೂ ಜೊತೆಯಲ್ಲಿಟ್ಟು ಓದದಿದ್ದರೆ ನಮ್ಮ ಮನೆತನದ ಕತೆ ಅರ್ಧ ಮಾತ್ರ.

ಇಂಥ ಪುಸ್ತಕಗಳು ಅನೇಕ ಸದಸ್ಯರ ಮನೆಯ ಅಟ್ಟದಲ್ಲಿರಬಹುದು. ಮನೆ ರಿಪೇರಿಗೆ ತೆಗೆದಾಗ ಅವು ರದ್ದಿ ಕಾಗದದವನ ತಕ್ಕಡಿಗೆ ಹೋಗುತ್ತವೆ, ಇಲ್ಲವೇ ಗೆದ್ದಲಿಗೆ. ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಹಳೆಯ ಖಾತೆ, ಹಾಜರಿ ಪುಸ್ತಕ, ಚೆಕ್‌ರೋಲುಗಳನ್ನು ರದ್ದಿಗೆ ಹಾಕಬೇಡಿ. ಜೀತದ ಸಾಲವನ್ನು ತೀರಿಸುವ ಹೊಣೆಯನ್ನು ಕಾಯಿದೆಯೇ ಅಳಿಸಿರುವುದರಿಂದ ಆ ಪುಟಗಳಲ್ಲಿ ವಸೂಲಿಗೆ ಏನೂ ಉಳಿದಿಲ್ಲ. ಉಳಿದಿರುವುದು ಹೆಸರುಗಳು ಮಾತ್ರ. ಆ ಕುಟುಂಬದವರು ಬಂದು ಕೇಳಿದರೆ ಕುರ್ಚಿ ಕೊಟ್ಟು ಕೂರಿಸಿ, ಪುಟ ತೆರೆದು ಓದಿ ಹೇಳಿ, ನಕಲು ಕೊಡಿ. ಕೇಳದವರ ಮುಂದೆ, ನಾಲ್ಕು ಜನರ ನಡುವೆ, ನಿಮ್ಮಜ್ಜ ನಮ್ಮಲ್ಲಿ ಜೀತಕ್ಕಿದ್ದ ಎಂದು ಆಡಬೇಡಿ. ಹೆಸರು ಅವರದು; ಅದನ್ನು ಯಾವಾಗ ಕೇಳಬೇಕು, ಯಾರಿಗೆ ಹೇಳಬೇಕು ಎಂಬುದೂ ಅವರಿಗೇ ಸೇರಿದ್ದು.

ಈಗ ಬರೆಯುತ್ತಿರುವ ಪುಸ್ತಕದ ಬಗ್ಗೆಯೂ ಒಂದು ಮಾತು. ಮುಂಗಡ ಕೊಟ್ಟರೆ ಪಡೆದವರ ಹೆಸರಿನಲ್ಲೇ ಬರೆದು ಅವರಿಗೊಂದು ಚೀಟಿ ಕೊಡಿ. ಮೇಸ್ತ್ರಿಯ ಹೆಸರಿನ ಕೆಳಗೆ "ಆಳು ಹನ್ನೆರಡು" ಎಂದು ಬರೆದು ಮುಗಿಸಬೇಡಿ. ಕೊಯ್ಲು ಮುಗಿದು ಅವರು ಊರಿಗೆ ಹೊರಡುವಾಗ ಲೆಕ್ಕ ಚುಕ್ತಾ ಮಾಡಿ. ತಂದೆಯ ಬಾಕಿಗೆ ಮಗನನ್ನು, ಗಂಡನ ಬಾಕಿಗೆ ಹೆಂಡತಿಯನ್ನು ಹಿಡಿದು ನಿಲ್ಲಿಸಿದರೆ ಅದು ವ್ಯವಹಾರವಲ್ಲ, ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಇದು ಜೀತದ ಸಾಲವೆಂದು ಕೆಲಸಗಾರ ಹೇಳಿದರೆ, ಅಲ್ಲವೆಂದು ರುಜುವಾತು ಮಾಡಬೇಕಾದ ಭಾರ ಸಾಲ ಕೊಟ್ಟವನ ಮೇಲೆಯೇ ಇರುತ್ತದೆ.

ದೇವದುರ್ಗದ ಯಾವುದೋ ಮನೆಯ ಹುಡುಗಿ ನಾಳೆ ಕಾಲೇಜು ಓದಿ ಬಂದು, ನಮ್ಮಜ್ಜಿ ನಿಮ್ಮ ತೋಟದಲ್ಲಿ ಕಾಫಿ ಕೊಯ್ದಿದ್ದಳಂತೆ, ಅವಳ ಹೆಸರು ಎಲ್ಲಿದೆ ತೋರಿಸಿ ಎಂದು ಕೇಳಿದರೆ, ನಮ್ಮ ಮಕ್ಕಳು ನಾಚದೆ ಪುಟ ತೆರೆಯುವಂತಿರಬೇಕು. ಅಷ್ಟರಮಟ್ಟಿಗೆ ನಾವು ಲೆಕ್ಕ ಸರಿಯಾಗಿ ಇಡೋಣ.